ಗಾಳಿ ಬಂದಾಗ ಕೂತ್ಕೋ

ದಾರಿ ತೋರಿಸುವವರಿಗೆ ಲೋಕದಲ್ಲಿ ಬರವಿಲ್ಲ. ಹೊರಟವರ ಮುಂದೆ ಕೈ ಅಡ್ಡ ಹಿಡಿದು ನಿಲ್ಲಿಸುವವರು ಕಡಿಮೆ. ಹಾಗೆ ನಿಲ್ಲಿಸಿದ ಮೇಲೂ ನಿಂತವರ ಪ್ರೀತಿಯನ್ನು ಸಂಪಾದಿಸಿಕೊಂಡವರು ಇನ್ನೂ ಕಡಿಮೆ. ಪರ್ವತ ಪ್ರದೇಶಕ್ಕೆ ಬರುವ ಚಾರಣಿಗರಿಗೆ ತಿಳಿವಳಿಕೆ ನೀಡುವ ಕ್ಷೇತ್ರದಲ್ಲಿ ಒಂದು ತಲೆಮಾರಿಗೂ ಮಿಗಿಲಾದ ಕಾಲ ದುಡಿದು, ಈಗ ವಯೋನಿವೃತ್ತಿ ಹೊಂದಿರುವ ನಮ್ಮ ಮಾಹಿತಿ ಕೇಂದ್ರದ ಮುಖ್ಯಾಧಿಕಾರಿಗಳು ಈ ಕೊನೆಯ ಪಂಗಡಕ್ಕೆ ಸೇರಿದವರು. ಕಚೇರಿಯಲ್ಲಿ ನಮಗೆಲ್ಲ ಅವರು ‘ಮೇಡಂ’. ಊರಿಗೆ ಮಾತ್ರ ‘ಬೇಡಮ್ಮ’. ಈ ಹೆಸರಿಟ್ಟವರು ಟ್ಯಾಕ್ಸಿಯವರು. ಬೆಟ್ಟದ ಬುಡದವರೆಗೆ ಬಾಡಿಗೆ ಕುದುರಿಸಿಕೊಂಡು ನಿಂತವರ ಎದುರಿಗೇ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಇವತ್ತು ಬೇಡಮ್ಮ”, “ಇವತ್ತು ಬೇಡಪ್ಪ” ಎಂದು ಒಂದೇ ಮಾತಿನಲ್ಲಿ ಅವರ ಅನ್ನಕ್ಕೆ ಕಲ್ಲು ಹಾಕುವ ಹೆಂಗಸಿಗೆ ಅವರಾದರೂ ಮತ್ತೇನು ಹೆಸರಿಟ್ಟಾರು! ಅದೇ ‘ಬೇಡ’ದ ದೆಸೆಯಿಂದ ಒಂದೊಂದು ದಿನ ಹೆಚ್ಚಿಗೆ ಉಳಿಯುವ ಗಿರಾಕಿಗಳನ್ನು ಕಂಡ ಲಾಡ್ಜಿನ ಮಾಲೀಕರು ವರ್ಷ ತಪ್ಪದೆ ಮೇಡಂ ಅವರಿಗೊಂದು ಕ್ಯಾಲೆಂಡರು ತಂದುಕೊಟ್ಟು ಕೈಮುಗಿಯುತ್ತಿದ್ದರು. ಮೇಡಂ ಅಡ್ಡಹೆಸರನ್ನೂ ಕ್ಯಾಲೆಂಡರನ್ನೂ ಒಂದೇ ನಗೆಯಲ್ಲಿ ಸ್ವೀಕರಿಸಿ, ಕ್ಯಾಲೆಂಡರನ್ನು ಗೋಡೆಗೆ ಹಾಕುತ್ತಿದ್ದರು.

ನಮ್ಮದು ಬಸ್ಸು ಬಂದು ತಿರುಗಿಕೊಂಡು ಹೋಗುವ ಕೊನೆಯ ಊರು. ಅದರಾಚೆ ರಸ್ತೆಯಿಲ್ಲ, ಕಾಲುದಾರಿಯಿದೆ. ಆ ದಾರಿ ಬೆಟ್ಟದ ಬೆನ್ನೇರಿ, ಎರಡು ಶಿಖರಗಳ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ತೂರಿ ಆಚೆ ಮಗ್ಗುಲಿಗೆ ಇಳಿಯುತ್ತದೆ. ಆ ಸಂದಿಗೆ ಊರವರು ‘ಕಂಡಿ’ ಎನ್ನುತ್ತಾರೆ. ಅದನ್ನು ದಾಟಿ ಆಚೆಯ ಕೆರೆ ನೋಡುವುದಕ್ಕೆಂದೇ ಜನ ದೂರದೂರದಿಂದ ಬರುತ್ತಾರೆ. ಆದರೆ ಆಚೆಯ ಬಯಲಿನಲ್ಲಿ ಎದ್ದ ಗಾಳಿಗೂ ಈಚೆ ಬರಲು ಅದೊಂದೇ ಬಾಗಿಲು. ಹೀಗಾಗಿ ನಮ್ಮ ಊರಿನಲ್ಲಿ ಅಂಗಡಿಯ ಬೋರ್ಡುಗಳನ್ನು ನಾಲ್ಕು ಮೂಲೆಗೂ ತಂತಿ ಬಿಗಿದು ಕಟ್ಟುತ್ತಾರೆ, ಬಾಗಿಲುಗಳಿಗೆ ಒಳಗಿನಿಂದ ಹಗ್ಗದ ಕುಣಿಕೆ ಹಾಕುತ್ತಾರೆ, ಹಾರಿಹೋದ ಬಟ್ಟೆ ಹುಡುಕುವ ನೆಪದಲ್ಲಿ ಮೂರು ಬೀದಿಯ ಸುದ್ದಿ ತಿಳಿದು ಬರುತ್ತಾರೆ. ಬಸ್ ನಿಲ್ದಾಣದ ಮಗ್ಗುಲಿಗೇ ನಮ್ಮ ಕೇಂದ್ರ. ಇರುವುದೊಂದು ಕೋಣೆ, ನಡುವೆ ಎದೆಮಟ್ಟದ ಮರದ ಕೌಂಟರು. ಒಳಗೆ ನಾವು, ಹೊರಗೆ ಚಾರಣಿಗರು. ಹೊರಬದಿಯ ಗೋಡೆಗೆ ಉದ್ದನೆಯ ಬೆಂಚು, ಅದರ ಪಕ್ಕದ ಮೇಜಿನ ಮೇಲೆ ಚಹಾದ ಕೆಟಲು. ಈ ಲೇಖನದಲ್ಲಿ ನಡೆಯುವುದೆಲ್ಲ ಬಹುಮಟ್ಟಿಗೆ ಈ ಬೆಂಚಿಗೂ ಕೌಂಟರಿಗೂ ನಡುವೆಯೇ.

ಮೇಡಂ ಇಲ್ಲಿಯವರಲ್ಲ. ಸಹಾಯಕಿಯಾಗಿ ನೇಮಕಗೊಂಡು ಬಯಲುಸೀಮೆಯಿಂದ ಬಂದವರು. ಬಸ್ಸಿನಿಂದ ಇಳಿದಾಗ ಸಣ್ಣಗೆ ಹನಿಯುತ್ತಿತ್ತಂತೆ. ತಮ್ಮ ಬಯಲುಸೀಮೆಯ ರೂಢಿಯಂತೆ ಕೊಡೆ ಬಿಚ್ಚಿದ್ದಾರೆ. ಕೊಡೆ ಒಮ್ಮೆ ಬೋರಲಾಗಿ, ಎರಡನೆಯ ಸಲ ಕಡ್ಡಿ ಕಳಚಿಕೊಂಡು, ಮೂರನೆಯ ಸಲ ಕೈಯನ್ನೇ ಬಿಟ್ಟು ನಿಲ್ದಾಣದ ಸೂರಿನಾಚೆಗೆ ಹೋಯಿತು. ಬಸ್ಸಿನ ಡ್ರೈವರು ತಮ್ಮ ಸೀಟಿನಿಂದಲೇ, “ಇಲ್ಲಿ ಕೊಡೆ ಬೇಡ ಮೇಡಂ. ಬೇಡ ಅನ್ನಿಸಿದಾಗ ಮಾತ್ರ ಬಿಚ್ಚೋದು, ತಾನೇ ಹೋಗುತ್ತೆ” ಎಂದರಂತೆ. ಈ ಪರ್ವತಸೀಮೆಯಲ್ಲಿ ಮೇಡಂ ಕೇಳಿದ ಮೊದಲ ಪ್ರಯಾಣ ಸಲಹೆ ಅದು. ಅವರು ಕೇಳಿಸಿಕೊಂಡ ಮೊದಲ ‘ಬೇಡ’ವೂ ಅದೇ. ಮುಂದಿನ ವರ್ಷ ಅದೇ ಡ್ರೈವರನ್ನು ಅವರು ಮದುವೆಯಾದರು. ಕೊಡೆಯ ದುಡ್ಡು ವಸೂಲಾಯಿತು ಎಂದು ಯಜಮಾನರು ಇವತ್ತಿಗೂ ಹೇಳುತ್ತಾರೆ, ಯಾರ ಕಡೆಯಿಂದ ಎಂದು ಮಾತ್ರ ಹೇಳುವುದಿಲ್ಲ.

ಮೊದಲ ಕೆಲವು ವರ್ಷ ಮೇಡಂ ಸಿಕ್ಕಸಿಕ್ಕವರನ್ನೆಲ್ಲ ಕೇಳಿ ಕಲಿತರು. ಗಾಡಿ ನಿಲ್ಲಿಸುವಾಗ ಮೂತಿಯನ್ನು ಗಾಳಿಯ ಕಡೆಗೇ ಮಾಡಿ ನಿಲ್ಲಿಸಬೇಕು, ಎರಡೂ ಕಡೆಯ ಬಾಗಿಲನ್ನು ಒಟ್ಟಿಗೆ ತೆರೆಯಬಾರದು, ತೆರೆದ ಬಾಗಿಲನ್ನು ಕೈಬಿಡಬಾರದು ಎಂಬುದನ್ನು ಯಜಮಾನರು ಹೇಳಿಕೊಟ್ಟರು. ಬಾಗಿಲನ್ನೇ ಗಾಳಿಗೆ ಕೊಟ್ಟು, ತಗಡಿನ ಬದಲು ಕಂಬಳಿ ಕಟ್ಟಿಕೊಂಡು ಊರಿಗೆ ಮರಳಿದ ಪ್ರವಾಸಿಗರನ್ನು ನಾವೆಲ್ಲ ಕಂಡಿದ್ದೇವೆ. ಮಿಕ್ಕದ್ದನ್ನು ರಕ್ಷಣಾ ತಂಡದವರು, ಮೇಲಿನ ತಂಗುಮನೆಯ ಕಾವಲುಗಾರರು ಕಲಿಸಿದರು, ಉಳಿದದ್ದನ್ನು ಸ್ವತಃ ಗಾಳಿ ಕಲಿಸಿತು. ಕಲಿತದ್ದನ್ನು ಮೇಡಂ ಪುಸ್ತಕ ಮಾಡಲಿಲ್ಲ, ಬಾಯಲ್ಲಿಟ್ಟುಕೊಂಡರು. ಕೌಂಟರಿಗೆ ಬಂದವರ ಕೈಯಲ್ಲಿ ಮೊದಲು ಬೆನ್ನುಚೀಲ ಬಿಚ್ಚಿಸುತ್ತಿದ್ದರು. ಹತ್ತಿ ಬಟ್ಟೆಯನ್ನೆಲ್ಲ ಒಂದು ಕಡೆ ಎತ್ತಿಟ್ಟು, ಇದು ಒದ್ದೆಯಾದರೆ ಮೈಮೇಲೆ ಒಣಗುವುದಿಲ್ಲ, ನೀವು ಒಣಗುತ್ತೀರಿ ಎನ್ನುತ್ತಿದ್ದರು. ಕನ್ನಡಕಕ್ಕೆ ದಾರ ಕಟ್ಟಿಸುತ್ತಿದ್ದರು, ಟೋಪಿಗೆ ಗದ್ದದ ಕೆಳಗಿನ ಪಟ್ಟಿ ಇದೆಯೇ ಎಂದು ಎಳೆದು ನೋಡುತ್ತಿದ್ದರು, ಚೀಲದ ಹೊರಗೆ ನೇತಾಡುವ ಲೋಟ, ಚಾಪೆ, ಪಟ್ಟಿಗಳನ್ನೆಲ್ಲ ಒಳಗೆ ತುರುಕಿಸುತ್ತಿದ್ದರು. ನೇತಾಡುವುದೆಲ್ಲ ಗಾಳಿಯ ಕೈಗೆ ಜುಟ್ಟು ಕೊಟ್ಟಂತೆ ಎಂಬುದು ಅವರ ವಾದ. ಹೊಸ ಬೂಟು ಕಂಡರಂತೂ ಅವರ ಮುಖ ಸಿಂಡರಿಸುತ್ತಿತ್ತು. ಬೂಟನ್ನು ಮೊದಲು ಮನೆಯಲ್ಲಿ ಹಾಕಿಕೊಂಡು ತಿರುಗಾಡಿ, ಕಚ್ಚುವುದಿದ್ದರೆ ಅಲ್ಲೇ ಕಚ್ಚಲಿ ಎಂದು ಅಂಗಡಿಯವರ ಎದುರಿಗೇ ಹೇಳಿ ಅವರ ವ್ಯಾಪಾರವನ್ನೂ ಕೆಡಿಸುತ್ತಿದ್ದರು.

ಡೇರೆಯ ಬೆನ್ನು ಗಾಳಿಗಿರಲಿ, ಬಾಯಿ ಗಾಳಿಗೆ ಬೇಡ. ಗೂಟಕ್ಕೆ ಕಲ್ಲಿನ ಭಾರವಿರಲಿ. ಹಳ್ಳವನ್ನು ಬೆಳಗ್ಗೆಯೇ ದಾಟಿಬಿಡಿ, ಬಿಸಿಲೇರಿ ಹಿಮ ಕರಗಿದ ಮೇಲೆ ಅದೇ ಹಳ್ಳ ಬೇರೆ ಹಳ್ಳವಾಗಿರುತ್ತದೆ. ಊರಂಚಿನ ಸೇತುವೆ ದಾಟಿದ ಮೇಲೆ ಮೊಬೈಲು ಬರೀ ಗಡಿಯಾರ, ಆದ್ದರಿಂದ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂಬುದನ್ನು ಒಬ್ಬ ಮನುಷ್ಯನಿಗೆ ಬಾಯಿಬಿಟ್ಟು ಹೇಳಿ ಹೋಗಿ. ಆಕಾಶ ನೀಲಿಯಾಗಿದೆ ಎಂದು ಮೋಸಹೋಗಬೇಡಿ. ಇಲ್ಲಿ ಗಾಳಿಗೆ ಮೋಡದ ಹಂಗಿಲ್ಲ. ಆದರೆ ತೆಂಕಣ ಶಿಖರದ ನೆತ್ತಿಯ ಮೇಲೆ ತಟ್ಟೆ ಬೋರಲು ಹಾಕಿದಂಥ ಮೋಡ ಕದಲದೆ ನಿಂತಿದ್ದರೆ ಕಂಡಿಯ ಕಡೆ ತಲೆ ಹಾಕಿಯೂ ಮಲಗಬೇಡಿ. ಹೀಗೆ ಒಂದರ ಬೆನ್ನಿಗೆ ಒಂದು ಮಾತು ಬರುತ್ತಿತ್ತು. ಫೋಟೊ ನೋಡಿ ಬಂದವರಿಗೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಹೇಳಿ, ಹತ್ತಿರದ ಬೆಟ್ಟ ಹೇಗಿರುತ್ತದೆಂದು ತಮ್ಮ ಅಂಗೈಯ ಗೀರುಗಳನ್ನು ತೋರಿಸುತ್ತಿದ್ದರು.

ಗಾದೆಯ ಮಾತು ಬಂತು. ಒಮ್ಮೆ ದೊಡ್ಡ ಕ್ಯಾಮೆರಾ ಹೊತ್ತ ತರುಣನೊಬ್ಬ ಮೇಡಂ ಅವರ ಉಪದೇಶಕ್ಕೆ ಬೇಸತ್ತು, ಗಾಳಿ ಬಂದಾಗ ತೂರಿಕೋ ಎಂದು ಹಿರಿಯರೇ ಹೇಳಿಲ್ಲವೇ ಎಂದು ಕೊಂಕು ತೆಗೆದ. ಮೇಡಂ ಅವನ ಚೀಲದ ಪಟ್ಟಿ ಬಿಗಿಯುತ್ತಲೇ ಹೇಳಿದ್ದು ಇಷ್ಟು:

“ಅದು ಕಣದಲ್ಲಿ ಕಾಳು ತೂರೋರ ಮಾತಪ್ಪ. ಬೆಟ್ಟದ ಬೆನ್ನ ಮೇಲೆ ಗಾಳಿ ಬಂದಾಗ ಕೂತ್ಕೋ. ಅಲ್ಲಿ ತೂರೋಕೆ ಹೋದ್ರೆ ತೂರಿಹೋಗೋದು ನೀನೇ.”

ಹೊಡೆತ ಬರುವ ಮೊದಲು ಅದರ ಸದ್ದು ಬರುತ್ತದೆ, ಆ ಸದ್ದಿಗೂ ಹೊಡೆತಕ್ಕೂ ನಡುವೆ ಒಬ್ಬ ಮನುಷ್ಯ ಕುಕ್ಕರಿಸಿ ಕೂರುವಷ್ಟು ಹೊತ್ತಿರುತ್ತದೆ, ಆಗ ಊರುಗೋಲನ್ನು ನೆಲಕ್ಕೆ ಊರಿ, ಬೆನ್ನಿನ ಚೀಲವನ್ನು ಗಾಳಿಯ ಕಡೆಗೆ ತಿರುಗಿಸಿ, ಮಾನ ಮರ್ಯಾದೆ ಬಿಟ್ಟು ಕೂತುಬಿಡಬೇಕು ಎಂದು ಆ ಕೋಣೆಯ ನಡುವೆಯೇ ಅವನನ್ನು ಕೂರಿಸಿ ತೋರಿಸಿದರು. ಮಾರನೆಯ ಸಂಜೆ ಅವನು ಹಿಂದಿರುಗಿ ಬಂದು ಮಾತಿಲ್ಲದೆ ಕೌಂಟರಿನ ಮುಂದೆ ಮತ್ತೊಮ್ಮೆ ಕುಕ್ಕರಿಸಿ ಕೂತು ತೋರಿಸಿದ. ಆ ದಿನದಿಂದ ‘ಕೂತ್ಕೋ’ ನಮ್ಮ ಕೇಂದ್ರದ ಧ್ಯೇಯವಾಕ್ಯವೆಂದು ಬೇರೆ ಇಲಾಖೆಯವರು ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ, ಕೂತವರೆಲ್ಲ ಎದ್ದು ಬಂದಿದ್ದಾರೆ.

ಇಷ್ಟೆಲ್ಲ ಬಲ್ಲ ಮೇಡಂ ಎಡವಿದ್ದೂ ಉಂಟು. ಎಡವಿದ್ದು ಕಾಲಲ್ಲ, ನಾಲಿಗೆ. ಸೇವೆಯ ನಡುಗಾಲದಲ್ಲಿ, ಬ್ಯಾಂಕಿನಲ್ಲಿ ಕ್ಯಾಷಿಯರಾಗಿ ನಿವೃತ್ತರಾದವರೊಬ್ಬರು ತಮ್ಮ ಹೆಂಡತಿಯ ಜೊತೆ ಬಂದಿದ್ದರು. ಅನ್ಯೋನ್ಯ ದಂಪತಿ, ಒಬ್ಬರ ಟೋಪಿಯ ಪಟ್ಟಿಯನ್ನು ಇನ್ನೊಬ್ಬರು ಕಟ್ಟುತ್ತಿದ್ದರು. ಅಂದಿನ ಲಕ್ಷಣಗಳು ಅತ್ತಲೂ ಇರಲಿಲ್ಲ, ಇತ್ತಲೂ ಇರಲಿಲ್ಲ. ಮೇಡಂ ಆ ದಂಪತಿಗೆ, ಮಧ್ಯಾಹ್ನದ ಮೇಲೆ ಗಾಳಿ ಬರಬಹುದು, ಬೇಗ ಹೊರಟರೆ ಹೋಗಬಹುದು ಎಂದರು. ಆಡಿದ್ದು ಎರಡು ‘ಬಹುದು’. ಮೊದಲನೆಯದು ಅನುಮಾನ, ಎರಡನೆಯದೂ ಮೇಡಂ ಮನಸ್ಸಿನಲ್ಲಿ ಅನುಮಾನವೇ. ಕೇಳಿದವರಿಗೆ ಮಾತ್ರ ಎರಡನೆಯದು ಅಪ್ಪಣೆಯಾಗಿ ಕೇಳಿಸಿತು. ನಮ್ಮ ಭಾಷೆಯ ಈ ಒಂದು ಪದ ಎರಡು ಮನೆಯ ನೆಂಟ. ಆಗುತ್ತದೋ ಇಲ್ಲವೋ ಗೊತ್ತಿಲ್ಲ ಎನ್ನುವುದಕ್ಕೂ ಅದೇ, ಧಾರಾಳವಾಗಿ ಮಾಡಿ ಎನ್ನುವುದಕ್ಕೂ ಅದೇ. ಬೆಟ್ಟದ ಬೆನ್ನ ಮೇಲೆ ಗಾಳಿ ಆ ಹೆಂಗಸನ್ನು ನೆಲದಿಂದ ಎತ್ತಿ ಕಲ್ಲುಗಳ ಮೇಲೆ ಹಾಕಿತು. ರಕ್ಷಣಾ ತಂಡದವರು ಹೊತ್ತು ತಂದಾಗ ಭುಜದ ಮೂಳೆ ಮುರಿದಿತ್ತು, ಜೀವ ಉಳಿದದ್ದೇ ದೊಡ್ಡದು.

ಮೇಡಂ ಆಸ್ಪತ್ರೆಗೆ ಹೋದರು. ಬೈಸಿಕೊಳ್ಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದರು. ಆ ತಾಯಿ ಬೈಯಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಎತ್ತಲಾರದೆ ಇನ್ನೊಂದು ಕೈಯಿಂದ ಮೇಡಂ ಅವರ ಕೈ ಹಿಡಿದು, “ನಿಮ್ಮದೇನೂ ತಪ್ಪಿಲ್ಲ ಕಣಮ್ಮ. ನೀವು ಹೋಗಬಹುದು ಅಂದ್ರಿ, ನಾವು ಹೋದ್ವಿ, ಅಷ್ಟೇ” ಎಂದರು. ಸಮಾಧಾನಕ್ಕೆ ಆಡಿದ ಆ ಮಾತು ಮೇಡಂ ಅವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ಅವರು ಎಷ್ಟೋ ವರ್ಷಗಳ ಮೇಲೂ ಹೇಳಿದ್ದುಂಟು.

ಮರುದಿನದಿಂದ ಕೌಂಟರಿನ ಒಳಗೆ ‘ಬಹುದು’ ನಿಷಿದ್ಧವಾಯಿತು. ಹೋಗಿ, ಬೇಡ, ಗೊತ್ತಿಲ್ಲ. ಈ ಮೂರರಲ್ಲಿ ಒಂದನ್ನು ಹೇಳಬೇಕು. ಬೇಡ ಎಂದರೆ ಯಾಕೆಂದೂ ಹೇಳಬೇಕು. ಗೊತ್ತಿಲ್ಲ ಎಂದರೆ ಕಚೇರಿಯ ಗೌರವವೇನಾಗುತ್ತದೆ ಎಂದು ನಮ್ಮಲ್ಲೊಬ್ಬರು ಕೇಳಿದ್ದಕ್ಕೆ, “ಗೊತ್ತಿಲ್ಲ ಅನ್ನೋಕೂ ಸಂಬಳ ಕೊಡ್ತಾರೆ ಕಣ್ರೀ. ಬಹುದು ಅನ್ನೋಕೆ ಕೊಡಲ್ಲ” ಎಂದರು. ಸರ್ಕಾರಿ ಕಚೇರಿಯೊಂದು ‘ಬಹುದು’ ಇಲ್ಲದೆ ನಡೆಯುವುದೆಂದರೆ ಮೀನು ನೀರಿಲ್ಲದೆ ಬಾಳುವುದೆಂದೇ ಲೆಕ್ಕ. ರಜೆ ಕೇಳಲು ಹೋದರೆ ನಾವೇ ತಡವರಿಸುತ್ತಿದ್ದೆವು. ಮೇಲಿನ ಕಚೇರಿಯಿಂದ ‘ಪರಿಶೀಲಿಸಬಹುದು’ ಎಂದು ಬಂದ ಒಕ್ಕಣೆಗೆ ಮೇಡಂ ಫೋನು ಮಾಡಿ, ಸ್ವಾಮಿ, ಪರಿಶೀಲಿಸುತ್ತೀರೋ ಇಲ್ಲವೋ ಎಂದು ವಿನಯದಿಂದಲೇ ಕೇಳುತ್ತಿದ್ದರು. ಬಡ್ತಿ ತಡವಾದದ್ದು ಇದೇ ವಿನಯದಿಂದ ಎಂದು ನಮ್ಮ ಗುಮಾನಿ.

ಬೇಡ ಎನ್ನುವುದು ಸುಲಭ. ಬೇಡ ಎನ್ನಿಸಿಕೊಂಡವರ ಮುಖ ನೋಡುವುದು ಕಷ್ಟ. ಅದಕ್ಕಿಂತ ಕಷ್ಟ, ಹೋಗಿ ಅರ್ಧದಾರಿಯಿಂದ ಮರಳಿದವರ ಮುಖ ನೋಡುವುದು. ಅಂಥವರು ಏನೋ ಕದ್ದವರಂತೆ ನಮ್ಮ ಕಚೇರಿಯನ್ನು ತಪ್ಪಿಸಿ ಹಿಂದಿನ ಬೀದಿಯಿಂದ ಲಾಡ್ಜಿಗೆ ಹೋಗುತ್ತಿದ್ದರು. ಮೇಡಂ ಇದನ್ನು ಗಮನಿಸಿದರು. ಮೇಲೆ ಗಾಳಿ ಹೇಗಿತ್ತು, ಯಾವ ತಿರುವಿನಲ್ಲಿ ಹೊಡೆಯಿತು ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಹಿಂದಿರುಗಿದವರಿಗೇ. ಅವರೇ ಬಾಯಿ ಮುಚ್ಚಿಕೊಂಡು ಹೋದರೆ ನಾಳೆ ಹೊರಡುವವರಿಗೆ ನಾವು ಹೇಳುವುದೇನು? ಹೀಗೆ ಹುಟ್ಟಿದ್ದು ನಮ್ಮ ಬೆಂಚಿನ ಚಹಾ. ಅರ್ಧದಾರಿಯಿಂದ ಮರಳಿದವರನ್ನು ಕರೆದು ಬೆಂಚಿನ ಮೇಲೆ ಕೂರಿಸಬೇಕು. ಆ ಹೊತ್ತಿಗೆ ಕಚೇರಿಯಲ್ಲಿ ಯಾರು ಹಿರಿಯರೋ ಅವರು ಎದ್ದುಬಂದು ತಮ್ಮ ಕೈಯಾರೆ ಚಹಾ ಬಗ್ಗಿಸಿ ಕೊಡಬೇಕು. ಕಂಡಿ ದಾಟಿ ಗೆದ್ದು ಬಂದವರು ತಾವೇ ಬಗ್ಗಿಸಿಕೊಳ್ಳಲಿ. ಅವರಿಗೆ ಕಂಡಿ ಸಿಕ್ಕಿದೆ, ಚಹಾವೂ ನಾವೇ ಕೊಡಬೇಕೇ? ಕಣ್ಣೀರು ಹಾಕುತ್ತ ಬಂದು ಕೂತ ಎಷ್ಟೋ ಜನ ಎರಡನೆಯ ಲೋಟದ ಹೊತ್ತಿಗೆ ಗಾಳಿಯ ವರ್ಣನೆಯನ್ನು ಒಂದಕ್ಕೆರಡು ಮಾಡಿ ಹೇಳುತ್ತಿದ್ದುದನ್ನು ನಾವು ಕಂಡಿದ್ದೇವೆ. ಅವರನ್ನು ಕಳಿಸಿಕೊಡುವಾಗ ಮೇಡಂ ಹೇಳುತ್ತಿದ್ದ ಮಾತು ಒಂದೇ: ಕಂಡಿ ಎಲ್ಲಿಗೂ ಓಡಿಹೋಗುವುದಿಲ್ಲ, ನೀವು ಇರಬೇಕು ಅಷ್ಟೇ.

ಇನ್ನು ‘ಮೆತ್ತಣ್ಣ’ನವರ ವಿಷಯ ಹೇಳದೆ ಈ ಲೇಖನ ಪೂರ್ತಿಯಾಗದು. ಮೇಡಂ ಅವರ ನಂತರ ಕೇಂದ್ರದ ಹೊಣೆ ಹೊತ್ತಿರುವ ನಮ್ಮ ಸಹೋದ್ಯೋಗಿಗೆ ಊರು ಇಟ್ಟ ಹೆಸರು ಅದು. ಮಾತು ಮೆತ್ತಗೆ, ನಡಿಗೆ ಮೆತ್ತಗೆ, ಯಾರಿಗೂ ಇಲ್ಲವೆನ್ನಲಾರದ ಸ್ವಭಾವ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಾರಣಿಗರು ಸ್ವಲ್ಪ ಮುಖ ಬಾಡಿಸಿದರೆ ಸಾಕು, ಅವರ ಬಾಯಿಂದ ‘ಬಹುದು’ ಜಾರಿಬಿಡುತ್ತಿತ್ತು. ಬೇರೆ ಅಧಿಕಾರಿಯಾಗಿದ್ದರೆ ಅವರನ್ನು ಕೌಂಟರಿನಿಂದ ಎಬ್ಬಿಸಿ ಒಳಗಿನ ಕೆಲಸಕ್ಕೆ ಹಾಕುತ್ತಿದ್ದರು. ಮೇಡಂ ಮಾತ್ರ ಅವರನ್ನು ಅಲ್ಲೇ ಉಳಿಸಿಕೊಂಡು, ಟ್ಯಾಕ್ಸಿಯವರ ಮೇಲೆ ‘ಬೇಡ’ದ ಅಭ್ಯಾಸ ಮಾಡಿಸಿದರು. ಟ್ಯಾಕ್ಸಿಯವರ ಬೈಗುಳ ತಿಂದವನಿಗೆ ಲೋಕದಲ್ಲಿ ಮತ್ತಾವ ಬೈಗುಳವೂ ತಾಗುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಮೆತ್ತಣ್ಣನವರ ತಾಯಿ ಕಾಯಿಲೆ ಬಿದ್ದ ವರ್ಷದ ಮಾತನ್ನು ಇಲ್ಲಿ ಹೇಳಲೇಬೇಕು. ಮೇಡಂ ಅಷ್ಟು ವರ್ಷ ಜನರನ್ನು ಕಂಡಿಗೆ ಕಳಿಸಿದವರು, ತಾವು ಒಮ್ಮೆಯೂ ದಾಟಿದವರಲ್ಲ. ದಾರಿ ತೆರೆದಿರುವ ತಿಂಗಳುಗಳಲ್ಲೇ ಕಚೇರಿ ತುಂಬಿರುತ್ತಿತ್ತು. ಕಚೇರಿ ಖಾಲಿಯಾಗುವ ಹೊತ್ತಿಗೆ ಕಂಡಿಯಲ್ಲಿ ಹಿಮ ತುಂಬಿರುತ್ತಿತ್ತು. ಆಚೆಯ ಕೆರೆಯ ನೀರು ಯಾವ ಬಣ್ಣವೆಂದು ಬಂದವರನ್ನೆಲ್ಲ ಕೇಳುತ್ತಿದ್ದರು, ಒಬ್ಬೊಬ್ಬರು ಒಂದೊಂದು ಬಣ್ಣ ಹೇಳುತ್ತಿದ್ದರು. ಆ ವರ್ಷ ಮೊದಲ ಬಾರಿಗೆ ರಜೆ ಮಂಜೂರಾಗಿ, ಬೂಟು ಪಳಗಿಸಿ ತಯಾರಾಗಿದ್ದರು. ಅಷ್ಟರಲ್ಲಿ ಮೆತ್ತಣ್ಣನವರ ತಾಯಿಯ ಸುದ್ದಿ ಬಂತು. ಮೇಡಂ ತಮ್ಮ ರಜೆಯನ್ನು ರದ್ದು ಮಾಡಿ, ಋತು ಮುಗಿಯುವವರೆಗೂ ಅವರ ಪಾಳಿಯನ್ನೂ ತಾವೇ ನೋಡಿಕೊಂಡರು. ಮಗ ತಾಯಿಯ ಪಕ್ಕದಲ್ಲಿದ್ದ, ತಾಯಿ ಗುಣವಾದರು. ಆ ಬೂಟಿನ ಮಾತನ್ನು ಮೇಡಂ ಮತ್ತೆಂದೂ ಎತ್ತಲಿಲ್ಲ. ಮೆತ್ತಣ್ಣನವರು ಮರೆಯಲೂ ಇಲ್ಲ.

ಹೀಗಿರುವಾಗ ನಿವೃತ್ತಿಯ ವರ್ಷ ಬಂತು, ಅದರ ಜೊತೆ ಮಂಡಿನೋವೂ ಬಂತು. ಮಂಡಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವೈದ್ಯರು ದಿನ ಗೊತ್ತು ಮಾಡಿದರು. ಆಮೇಲೆ ಬೆಟ್ಟ ಹತ್ತುವುದಕ್ಕಾಗುತ್ತದೆಯೇ ಎಂದು ಕೇಳಿದ್ದಕ್ಕೆ ಅವರು, ಹತ್ತಬಹುದು ಎಂದರಂತೆ. “ಯಾವ ಬಹುದು ಡಾಕ್ಟ್ರೇ?” ಎಂದು ಮೇಡಂ ಕೇಳಿದರು. ವೈದ್ಯರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೇಡಂ ಅವರಿಗೆ ಉತ್ತರ ಅರ್ಥವಾಯಿತು. ಈ ಋತುವಿನಲ್ಲಿ ದಾಟಿದರೆ ಉಂಟು, ಇಲ್ಲವಾದರೆ ಇಲ್ಲ ಎಂದು ಅವರು ಮನಸ್ಸಿನಲ್ಲಿ ಬರೆದುಕೊಂಡರು. ಋತುವಿನ ಕೊನೆಯ ವಾರದಲ್ಲಿ ಒಂದು ದಿನ ನಿಷ್ಕರ್ಷೆಯಾಯಿತು. ಅದರ ಮರುದಿನದಿಂದ ಹಿಮದ ಮುನ್ಸೂಚನೆಯಿತ್ತು. ಯಜಮಾನರು ಹಿಂದಿನ ದಿನವೇ ಗಾಡಿ ತೆಗೆದುಕೊಂಡು, ಇಡೀ ಬೆಟ್ಟಸಾಲನ್ನು ಬಳಸಿ, ಆಚೆ ಮಗ್ಗುಲಿನ ಊರಿನ ತಂಗುಮನೆಯಲ್ಲಿ ಹೋಗಿ ಉಳಿದುಕೊಂಡರು.

ಆ ಬೆಳಗ್ಗೆ ಮೇಡಂ ಬೆನ್ನುಚೀಲ ಹಾಕಿಕೊಂಡು ಕೇಂದ್ರಕ್ಕೆ ಬಂದರು. ಒಳಗೆ ಬರಲಿಲ್ಲ. ಚಾರಣಿಗರು ನಿಲ್ಲುವ ಜಾಗದಲ್ಲಿ, ಕೌಂಟರಿನ ಹೊರಗೆ ನಿಂತು, ಇವತ್ತು ದಾರಿ ಹೇಗಿದೆ ಎಂದು ಎಲ್ಲರಂತೆ ಕೇಳಿದರು. ಕೌಂಟರಿನಲ್ಲಿ ಮೆತ್ತಣ್ಣನವರಿದ್ದರು. ನಾವೆಲ್ಲ ಮೇಡಂ ಅವರನ್ನು ಸೇತುವೆಯವರೆಗೆ ಕಳಿಸಿಕೊಡಲು ಹೂವಿನ ಹಾರ ತಂದಿಟ್ಟುಕೊಂಡಿದ್ದೆವು. ಆಕಾಶ ತೊಳೆದಿಟ್ಟ ಹಾಗಿತ್ತು. ತೆಂಕಣ ಶಿಖರದ ನೆತ್ತಿಯ ಮೇಲೆ ಮಾತ್ರ ಬೋರಲು ತಟ್ಟೆಯಂಥ ಮೋಡ ಕದಲದೆ ನಿಂತಿತ್ತು. ಛಾವಣಿಯ ಮೇಲಿನ ಗಾಳಿಮಾಪಕ ನೋಡಿದರೆ ಅದೂ ಏರುಮುಖವಾಗಿತ್ತು. ಮೇಡಂ ಆ ಮೋಡವನ್ನು ನೋಡಿರಲಿಲ್ಲವೇ? ಅದನ್ನು ನೋಡಲು ನಮಗೆಲ್ಲ ಕಲಿಸಿದವರೇ ಅವರು. ಆದರೆ ಆಸೆ ಎಂಬುದು ಯಾರನ್ನು ಬಿಟ್ಟಿದೆ! ಕೋಣೆಯಲ್ಲಿದ್ದ ನಾವೆಲ್ಲ ಮೆತ್ತಣ್ಣನವರ ಕಡೆ ನೋಡಿದೆವು.

ಮೆತ್ತಣ್ಣನವರು ಬಾಯಿ ತೆರೆದರು. “ಬೇಗ ಹೊರಟ್ರೆ…” ಎಂದು ಶುರುಮಾಡಿ ನಿಲ್ಲಿಸಿದರು. ಮುಂದಿನ ಪದ ಯಾವುದೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರು ಅದನ್ನು ನುಂಗಿಕೊಂಡು, ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿದರು:

“ಇವತ್ತು ಬೇಡ ಮೇಡಂ.”

“ಯಾಕೆ?” ಎಂದರು ಮೇಡಂ.

ಅವರು ಕಾರಣ ಹೇಳಿದರು. ಮೋಡದ ಮಾತು, ಮಾಪಕದ ಮಾತು, ಮೇಲಿನ ಕಾವಲುಗಾರರು ವೈರ್‌ಲೆಸ್ಸಿನಲ್ಲಿ ಹೇಳಿದ ಮಾತು.

“ಮುಂದಿನ ವರ್ಷಕ್ಕೆ ಈ ಮಂಡಿ ಹೀಗೆ ಇರಲ್ಲಪ್ಪ. ನಿನಗೆ ಗೊತ್ತಲ್ಲ.”

“ಗೊತ್ತು ಮೇಡಂ. ಆದ್ರೂ ಬೇಡ.”

ಮೇಡಂ ಅವರ ಮುಖ ಕೆಂಪಾಯಿತು. ಅಷ್ಟು ವರ್ಷಗಳಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ನಾವು ಕಂಡಿದ್ದೆವು, ಆದರೆ ಕೌಂಟರಿನ ಆ ಬದಿಯಿಂದ ಕಂಡಿರಲಿಲ್ಲ. ಸರ್ರನೆ ತಿರುಗಿ ಬಾಗಿಲಿನವರೆಗೆ ಹೋದರು, ಹಗ್ಗದ ಕುಣಿಕೆಗೆ ಕೈ ಹಾಕಿದರು. ಹೋಗಿಯೇಬಿಟ್ಟರು ಎಂದುಕೊಂಡೆವು. ಅವರನ್ನು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಸಲಹೆ ಕೊಡುವುದಷ್ಟೇ ನಮ್ಮ ಕೆಲಸ. ಕುಣಿಕೆ ಹಿಡಿದು ಅವರು ನಿಂತಷ್ಟು ಹೊತ್ತೂ ಮೆತ್ತಣ್ಣನವರು ಕಣ್ಣು ಕೆಳಗಿಳಿಸಲಿಲ್ಲ. ಆಮೇಲೆ ಮೇಡಂ ಕುಣಿಕೆ ಬಿಟ್ಟು ಹಿಂದಿರುಗಿ ಬಂದು, ಚೀಲ ಇಳಿಸಿ, ಮರಳಿದವರು ಕೂರುವ ಬೆಂಚಿನ ಮೇಲೆ ಕೂತರು.

ಆ ಹೊತ್ತಿಗೆ ಕಚೇರಿಯಲ್ಲಿ ಹಿರಿಯರು ಯಾರು? ಮೇಡಂ ರಜೆಯಲ್ಲಿದ್ದರು. ಮೆತ್ತಣ್ಣನವರು ಎದ್ದುಬಂದು ಚಹಾ ಬಗ್ಗಿಸಿದರು. ಅರ್ಧ ಮೇಜಿನ ಮೇಲೆ ಚೆಲ್ಲಿತು. ಮೇಡಂ ಒಂದು ಗುಟುಕು ಕುಡಿದು, ಸಕ್ಕರೆ ಕಮ್ಮಿ ಎಂದರು. ಆ ಮಾತಿಗೆ ನಗಬೇಕೋ ಅಳಬೇಕೋ ತಿಳಿಯದೆ ನಮ್ಮಲ್ಲಿ ಕೆಲವರು ಎರಡನ್ನೂ ಮಾಡಿದರು. ಆಚೆಯ ಊರಿಗೆ ಫೋನು ಮಾಡಿದಾಗ ಯಜಮಾನರು ಗಾಬರಿಯಿಂದ ಏನಾಯಿತೆಂದು ಕೇಳಿ, ಆದದ್ದನ್ನು ತಿಳಿದು, “ಇಷ್ಟು ವರ್ಷ ಸಂಸಾರ ಮಾಡಿದ್ರೂ ಇವಳಿಗೆ ಬೇಡ ಅಂದು ಗೆಲ್ಲೋಕೆ ನನ್ನ ಕೈಲಿ ಆಗಿಲ್ಲ. ಆ ಪುಣ್ಯಾತ್ಮನಿಗೆ ನನ್ನ ನಮಸ್ಕಾರ ಹೇಳಿ” ಎಂದು ಗಾಡಿ ತಿರುಗಿಸಿದರು.

ಇಲ್ಲಿಗೇ ನಿಂತಿದ್ದರೆ ಕತೆ ಸುಲಭವಾಗುತ್ತಿತ್ತು. ಮೇಡಂ ಮನೆಗೆ ಹೋಗಲಿಲ್ಲ. ರಜೆಯ ಮೇಲಿದ್ದೇನೆಂದು ಒಳಗೂ ಬರಲಿಲ್ಲ. ದಿನವಿಡೀ ಅದೇ ಬೆಂಚಿನ ಮೇಲೆ ಕೂತು ಕಿಟಕಿಯಾಚೆಯ ಬೋರ್ಡುಗಳ ತಂತಿಯನ್ನೇ ನೋಡುತ್ತಿದ್ದರು. ಬೆಳಗ್ಗೆ ಏರುತ್ತಿದ್ದ ಮಾಪಕ ಇಳಿದುಬಿಟ್ಟಿತು, ತಂತಿ ಅಲುಗಲಿಲ್ಲ. ಮಧ್ಯಾಹ್ನವಾಯಿತು, ಗಾಳಿ ಬರಲಿಲ್ಲ. ಸಂಜೆಗೆ ಆಚೆ ಮಗ್ಗುಲಿನಿಂದ ಕಂಡಿ ದಾಟಿಕೊಂಡು ಇಬ್ಬರು ತರುಣಿಯರು ಬಂದರು. ದಾಟಿ ಬಂದವರಾದ್ದರಿಂದ ತಾವೇ ಚಹಾ ಬಗ್ಗಿಸಿಕೊಂಡು, ಎಂಥಾ ದಿನ, ಕಂಡಿಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ, ಕೆರೆಯಲ್ಲಿ ಶಿಖರ ಕನ್ನಡಿಯಲ್ಲಿ ಕಂಡಂತೆ ಕಂಡಿತು ಎಂದು ಬಾಯ್ತುಂಬ ಹೇಳಿದರು. ಪಾಪ, ಅವರಿಗೇನು ಗೊತ್ತು. ಮೆತ್ತಣ್ಣನವರ ಮುಖದಲ್ಲಿ ರಕ್ತವಿರಲಿಲ್ಲ. ಭೂಮಿ ಬಾಯ್ಬಿಟ್ಟಿದ್ದರೆ ಇಳಿದುಹೋಗುತ್ತಿದ್ದರು. ಕೌಂಟರು ಬಿಟ್ಟು ಬಂದು ಮೇಡಂ ಅವರ ಮುಂದೆ ನಿಂತರು.

ಮೇಡಂ ಆ ತರುಣಿಯರನ್ನು ಕೆರೆಯ ಬಣ್ಣ ಕೇಳಿದರು. ಒಬ್ಬಳು ಹಸಿರೆಂದಳು, ಇನ್ನೊಬ್ಬಳು ನೀಲಿಯೆಂದಳು. ಅದನ್ನು ಕೇಳಿ ಮೆತ್ತಣ್ಣನವರ ಕಡೆ ತಿರುಗಿದರು.

“ನಾಳೆ ಬೆಳಗ್ಗೆ ಇದೇ ಮೋಡ, ಇದೇ ಮಾಪಕ. ನನ್ನಂಥೋಳು ಒಬ್ಬಳು ಬಂದು ಕೇಳ್ತಾಳೆ. ಏನಂತೀಯ?”

ಮೆತ್ತಣ್ಣನವರು ಕಿಟಕಿಯಾಚೆಯ ಶಿಖರದ ಕಡೆ ಒಮ್ಮೆ ನೋಡಿದರು.

“ಬೇಡ ಅಂತೀನಿ ಮೇಡಂ.”

ಮೇಡಂ ಮಂಡಿಯ ಮೇಲೆ ಕೈಯೂರಿ ಎದ್ದರು. ಅವರ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಹಾಗಾದ್ರೆ ನಾನಿನ್ನು ಹೋಗಬಹುದು” ಎಂದರು.

ಆ ಕೋಣೆಯಲ್ಲಿ ಅಷ್ಟು ವರ್ಷಗಳ ಮೇಲೆ ಮೇಡಂ ಅವರ ಬಾಯಿಂದ ಆ ಪದ ಹೊರಟದ್ದು ಅದೇ ಮೊದಲು. ಅದು ಯಾವ ‘ಬಹುದು’ ಎಂದು ಯಾರೂ ಕೇಳಲಿಲ್ಲ.

ಈಗ ಮೇಡಂ ಅವರ ಮಂಡಿಯ ಶಸ್ತ್ರಚಿಕಿತ್ಸೆ ಸಾಂಗವಾಗಿ ಮುಗಿದಿದೆ. ಯಜಮಾನರ ತೋಳು ಹಿಡಿದು, ಊರುಗೋಲು ಊರಿ, ಮನೆಯಿಂದ ನಿಲ್ದಾಣದವರೆಗೆ ನಡೆಯುತ್ತಾರೆ. ದಾರಿಯಲ್ಲಿ ಗಾಳಿ ಜೋರಾದರೆ ಯಾವ ಅಂಗಡಿಯ ಜಗಲಿಯಾದರೂ ಸರಿ, ಮಾನ ಮರ್ಯಾದೆ ಬಿಟ್ಟು ಕೂತುಬಿಡುತ್ತಾರೆ. ಮುಂದಿನ ಋತುವಿಗೆ ಸೇರುವ ಹೊಸಬರಿಗೆ ಮೋಡ ನೋಡಲು ಕಲಿಸುವುದಾಗಿ ಒಪ್ಪಿದ್ದಾರೆ. ಒಪ್ಪಬಹುದು ಎಂದಲ್ಲ, ಒಪ್ಪಿದ್ದೇನೆ ಎಂದೇ ಹೇಳಿದ್ದಾರೆ. ಅವರಿಗೆ ಆಯುಸ್ಸು ಆರೋಗ್ಯಗಳು ತುಂಬಿ ಬರಲಿ, ಮಂಡಿ ಮಾತು ಕೇಳಲಿ, ಕೆಲಸ ಕೈಬಿಡದಿರಲಿ ಎಂದು ಅವರ ಕೈಕೆಳಗೆ ಪಳಗಿದ ನಾವೆಲ್ಲ ಮನಸಾರೆ ಹಾರೈಸುತ್ತೇವೆ. ಕಂಡಿ ಎಲ್ಲಿಗೂ ಓಡಿಹೋಗಿಲ್ಲ. ಅವರು ಅದನ್ನು ದಾಟಿ, ಕೆರೆಯ ಬಣ್ಣವನ್ನು ತಮ್ಮ ಕಣ್ಣಿಂದಲೇ ನೋಡಿ, ಗಾಡಿಯಲ್ಲಿ ಬಳಸಿ ಬಂದು ನಮ್ಮ ಬಾಗಿಲು ತೆರೆಯುವ ಒಂದು ಸಂಜೆಯನ್ನು ನಾವು ಕಾಯುತ್ತಿದ್ದೇವೆ. ಅಂದು ನಮ್ಮಲ್ಲಿ ಒಬ್ಬರೂ ಕುರ್ಚಿಯಿಂದ ಏಳುವುದಿಲ್ಲ. ಮೇಡಂ ತಮ್ಮ ಚಹಾವನ್ನು ತಾವೇ ಬಗ್ಗಿಸಿಕೊಳ್ಳಬೇಕು.